ಮೂವತ್ತು ದಿನ ಸುಮ್ಮನಿದ್ದವರು ತೃಪ್ತರು

ಸಾರ್ವಜನಿಕ ತಂತ್ರಾಂಶ ಸಮನ್ವಯ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಅಕ್ಕ ತೃಪ್ತಳಾಗಿದ್ದಾಳೆ ಎಂದು ನಿಮ್ಮ ಕಚೇರಿಯ ದಾಖಲೆ ಹೇಳುತ್ತಿದೆ. ದೂರು ಸಂಖ್ಯೆ ೧೧೮೭, ಷರಾ: 'ದೂರುದಾರರು ತೃಪ್ತರು, ಕೆಲಸ ಮುಕ್ತಾಯ.' ಅಕ್ಕನ ಜೊತೆ ಒಂದೇ ಸೂರಿನಡಿ ಇರುವ ನನಗೆ ಇದು ಹೊಸ ಸುದ್ದಿ. ನಾನು ಕಂಡಂತೆ ಅವಳು ಎರಡು ತಿಂಗಳಿಂದ ನೆಟ್ಟಗೆ ಊಟ ಮಾಡಿಲ್ಲ. ಇನ್ನು ನಲವತ್ತು ದಿನಕ್ಕೆ ಅವಳ ಕೆಲಸ ಹೋಗಲಿದೆ. ಕಾರಣ, ನೀವು ಸಡಗರದಿಂದ ಬಿಡುಗಡೆ ಮಾಡಿದ 'ದನಿ' ತಂತ್ರಾಂಶದ ಹೊಸ ಆವೃತ್ತಿ. ತೃಪ್ತಿ ಎಂದರೆ ಇದೇ ಎಂದು ಮೊದಲೇ ತಿಳಿಸಿದ್ದರೆ ನಾವೂ ಮನೆಯಲ್ಲಿ ಒಂದಿಷ್ಟು ಸಂತೋಷಪಡುತ್ತಿದ್ದೆವು.

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕೊಠಡಿಯಲ್ಲಿ ಹನ್ನೆರಡು ವರ್ಷದಿಂದ ಫೋನ್ ಎತ್ತುವವಳು ಅವಳೇ. ಬಲಗಿವಿಗೆ ಫೋನು, ಎಡಗಿವಿಗೆ ಕಂಪ್ಯೂಟರಿನ ತಂತಿ. ಪರದೆಯ ಮೇಲಿರುವ ವೇಳಾಪಟ್ಟಿಯನ್ನು 'ದನಿ' ಗಡಗಡನೆ ಓದಿ ಹೇಳುತ್ತದೆ, ಅದನ್ನು ಅವಳು ಅತ್ತ ಕಡೆಯವರಿಗೆ ನಿಧಾನವಾಗಿ ತಿಳಿಸುತ್ತಾಳೆ. ಅವಳ ಕೈಕೆಳಗೆ ಕಣ್ಣಿರುವ ಇಬ್ಬರು ತರಬೇತಿ ಪಡೆದು ಬೇರೆ ಊರಿಗೆ ಬಡ್ತಿಯ ಮೇಲೆ ಹೋದರು. ಅವಳು ಅದೇ ಕುರ್ಚಿಯಲ್ಲಿ ಕೂತು ಅದರ ಮೇಲೆ ತನ್ನ ಹೆಸರು ಬರೆದಷ್ಟು ಗಟ್ಟಿಯಾಗಿದ್ದಳು.

ಆ 'ದನಿ'ಯನ್ನು ಕಟ್ಟಿದವರು ನಾನೂ ಸೇರಿ ಹನ್ನೊಂದು ಜನ. ಯಾರಿಗೂ ಅದು ಹೊಟ್ಟೆಪಾಡಿನ ಕೆಲಸವಲ್ಲ. ನಾನು ಶಾಲೆಯ ಗಣಿತದ ಮೇಷ್ಟ್ರು. ನಮ್ಮೆಲ್ಲರಿಗಿಂತ ಹಿರಿಯರು ಒಬ್ಬ ಗಡಿಯಾರ ರಿಪೇರಿಯವರು. ಗಂಟೆ ಮುಳ್ಳು ನಿಮಿಷದ ಮುಳ್ಳುಗಳ ನಡುವೆಯೇ ಬದುಕಿದ್ದರಿಂದಲೂ, ಮಾತು ಚುಚ್ಚುವುದರಿಂದಲೂ ಅವರಿಗೆ ಮುಳ್ಳಣ್ಣ ಎಂಬ ಹೆಸರು ಅಂಟಿತು. ಅವರ ಅಂಗಡಿಯ ಹಿಂದಿನ ಬೆಂಚಿನಲ್ಲಿ ಭಾನುವಾರ ಬೆಳಿಗ್ಗೆ ಸೇರುತ್ತಿದ್ದೆವು, ದೂರದವರು ಕಂಪ್ಯೂಟರಿನಲ್ಲೇ ಬಂದು ಕೂರುತ್ತಿದ್ದರು. ಬಂದ ದೂರುಗಳಿಗೆಲ್ಲ ಒಂದೇ ಪಟ್ಟಿ. ಒಂದೇ ನಿಯಮ: ದೂರು ಕೊಟ್ಟವರ ಬಾಯಿಂದಲೇ 'ಸರಿಹೋಯ್ತು' ಎಂದು ಬರುವ ತನಕ ಅದನ್ನು ಯಾರೂ ಹೊಡೆದುಹಾಕುವಂತಿಲ್ಲ. ಒಂದು ದೂರು ಮೂರು ವರ್ಷ ಪಟ್ಟಿಯಲ್ಲಿತ್ತು. "ಇರ್ಲಿ ಬಿಡ್ರಿ ಮೇಷ್ಟ್ರೇ, ಅದೇನು ಅನ್ನ ಕೇಳುತ್ತಾ? ಕಣ್ಣ ಮುಂದೆ ಇದ್ರೆ ನಾಚಿಕೆಯಾದ್ರೂ ಆಗುತ್ತೆ" ಎನ್ನುತ್ತಿದ್ದರು ಮುಳ್ಳಣ್ಣ. ನಾಲ್ಕನೇ ವರ್ಷ ಅದೂ ಸರಿಹೋಯಿತು.

ಇಂಥ ಅವ್ಯವಸ್ಥೆಯಿಂದ ನಮ್ಮನ್ನು ಪಾರುಮಾಡಲು ತಾವು ಅವತರಿಸಿದಿರಿ. ದೇಣಿಗೆಯಾಗಿ ಬೆಳೆದ ತಂತ್ರಾಂಶಕ್ಕೆ 'ಸಮನ್ವಯ' ಬೇಕೆಂದಿರಿ. ಸರ್ಕಾರಿ ಕಂಪ್ಯೂಟರುಗಳಿಗೆಲ್ಲ ನಿಮ್ಮ ಕಚೇರಿಯ ಮುದ್ರೆಯಿರುವ ಆವೃತ್ತಿಯೇ ಹೋಗಬೇಕೆಂದು ಆದೇಶವಾಯಿತು. ನಮ್ಮ ಒಂದು ಪಟ್ಟಿಯ ಜಾಗಕ್ಕೆ ಒಂಬತ್ತು ಕಂಬಸಾಲುಗಳ ಹಲಗೆ ಬಂತು, ದೂರಿನ ಒಂದೊಂದು ಹಂತಕ್ಕೂ ಒಂದೊಂದು ಕಂಬ. ಸೂಚಿತ, ಸ್ವೀಕೃತ, ವರ್ಗೀಕೃತ, ನಿಯೋಜಿತ, ಪರಿಶೀಲನೆಯ ನಿರೀಕ್ಷೆಯಲ್ಲಿ, ಹೀಗೆ. ಮೊದಲ ಕಂಬದಿಂದ ಒಂಬತ್ತನೆಯದಕ್ಕೆ ದೂರು ತೆವಳುವಷ್ಟರಲ್ಲಿ ದೂರುಕೊಟ್ಟವರ ಮಗು ಶಾಲೆ ಸೇರುತ್ತದೆ. ವಾರಕ್ಕೆ ಎರಡು ಸಭೆ, ಪ್ರತಿ ಸಭೆಗೂ ಮುನ್ನ ಪ್ರಗತಿ ವರದಿ, ಪ್ರಗತಿಯಾಗದಿದ್ದರೆ ಅದಕ್ಕೊಂದು ಪ್ರತ್ಯೇಕ ವರದಿ. ಮೂಗಿಗಿಂತ ಮೂಗುತಿ ಭಾರವಾದರೆ ತಲೆ ಬಗ್ಗುವುದು ವಿನಯದಿಂದಲ್ಲ ಎಂದು ಯಾರಾದರೂ ನಿಮಗೆ ಹೇಳಬೇಕಿತ್ತು.

ಕಿರೀಟಕ್ಕೆ ಗರಿ ಇಟ್ಟಂತೆ ಆಮೇಲೆ ಬಂದದ್ದು ಮೂವತ್ತು ದಿನದ ನಿಯಮ. ಕಚೇರಿಯ ಪತ್ರಕ್ಕೆ ಮೂವತ್ತು ದಿನದೊಳಗೆ ಉತ್ತರಿಸದವರನ್ನು ತೃಪ್ತರೆಂದು ಪರಿಗಣಿಸತಕ್ಕದ್ದು. ಈ ಒಂದು ವಾಕ್ಯದಿಂದ ಒಂದೇ ಬೆಳಗಿನಲ್ಲಿ ನಾನ್ನೂರಕ್ಕೂ ಹೆಚ್ಚು ದೂರುಗಳು ಮುಗಿದುಹೋದವು. ಒಂದು ಸಾಲು ಕೋಡ್ ಕೂಡ ಬದಲಾಗಲಿಲ್ಲ. ಹನ್ನೊಂದು ಜನ ವರ್ಷಗಟ್ಟಲೆ ತಿಣುಕಿದರೂ ಆಗದ್ದನ್ನು ತಾವು ತಿಂಡಿಯ ಹೊತ್ತಿಗಿಂತ ಮುಂಚೆಯೇ ಮಾಡಿ ಮುಗಿಸಿದಿರಿ. ವಾರ್ಷಿಕ ವರದಿಯಲ್ಲಿ 'ಶೇಕಡಾ ತೊಂಬತ್ತೆಂಟು ಪರಿಹಾರ' ಎಂದು ಬಣ್ಣದ ಚಿತ್ರ ಹಾಕಿಸಿದಿರಿ. ಸ್ಮಶಾನದಲ್ಲಿ ಯಾರೂ ಕೆಮ್ಮುವುದಿಲ್ಲವೆಂದು ಆರೋಗ್ಯ ಇಲಾಖೆ ಹೆಮ್ಮೆಪಟ್ಟುಕೊಂಡಂತೆ.

ಈಗ ಹೊಸ ಆವೃತ್ತಿಯ ಕಥೆ. ಬಿಡುಗಡೆಗೆ ಎರಡು ವಾರ ಮೊದಲೇ ಮುಳ್ಳಣ್ಣ ಒಂದು ದೋಷ ಹಿಡಿದರು. ಪುಟದಲ್ಲಿ ಕೋಷ್ಟಕ, ಅಂದರೆ ಅಡ್ಡಗೆರೆ ಉದ್ದಗೆರೆಗಳ ಪಟ್ಟಿ, ಎದುರಾದರೆ 'ದನಿ' ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ತಪ್ಪಾಗಿ ಓದಿದರೆ ಕೇಳುವವರಿಗೆ ಗೊತ್ತಾಗುತ್ತದೆ. ಇದು ಸುಮ್ಮನಾಗುತ್ತಿತ್ತು, ಅಲ್ಲಿ ಏನೂ ಇಲ್ಲವೇ ಇಲ್ಲ ಎಂಬಂತೆ. ಅವರು ಅದೇ ದಿನ ಹದಿನೇಳು ಸಾಲಿನ ತಿದ್ದುಪಡಿ ಬರೆದು ಕಳಿಸಿದರು. ಅದು ಐದನೆಯ ಕಂಬದಲ್ಲಿ ಪರಿಶೀಲಕರ ಸಹಿಗೆ ಕಾದು ನಿಂತಿತು. ಪರಿಶೀಲಕರೆಂದು ಹಲಗೆಯಲ್ಲಿದ್ದ ವ್ಯಕ್ತಿ ಈ ಕೆಲಸವನ್ನೇ ಬಿಟ್ಟುಹೋಗಿ ಒಂದು ವರ್ಷವಾಗಿತ್ತು. 'ನೀವು ಲಭ್ಯರಿದ್ದೀರಾ' ಎಂಬ ನಿಮ್ಮ ಪತ್ರಕ್ಕೆ ಅವರು ಉತ್ತರಿಸಿರಲಿಲ್ಲ, ಆದ್ದರಿಂದ ಲಭ್ಯರಿದ್ದರು. ಅಷ್ಟರಲ್ಲಿ ಕಚೇರಿಯ ವಾರ್ಷಿಕೋತ್ಸವ ಬಂತು, ಆವೃತ್ತಿ ಹೊರಬಿತ್ತು, ಹಳೆಯದನ್ನು ಎಲ್ಲ ಕಂಪ್ಯೂಟರುಗಳಿಂದ ತೆಗೆದುಹಾಕಲಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಈ ಪೂಜಾರಿಯಂತೂ ಗುಡಿಯಲ್ಲೇ ಇರಲಿಲ್ಲ.

ಬಸ್ಸಿನ ವೇಳಾಪಟ್ಟಿ ಇರುವುದು ಕೋಷ್ಟಕದಲ್ಲಿ ಎಂದು ಬೇರೆ ಹೇಳಬೇಕೇ? ಅಂದು ಬೆಳಿಗ್ಗೆ ಅಕ್ಕನ ಎಡಗಿವಿ ಖಾಲಿಯಾಯಿತು. ಮೊದಲ ಮೂರು ವಾರ ಅವಳು ನೆನಪಿನಿಂದಲೇ ಉತ್ತರ ಕೊಟ್ಟಳು. ಹನ್ನೆರಡು ವರ್ಷದ ಬಾಯಿಪಾಠ. ಆಮೇಲೆ ಸಮಯಗಳು ಬದಲಾದವು. ಆಸ್ಪತ್ರೆಗೆ ಹೋಗಬೇಕಿದ್ದ ಒಂದು ಸಂಸಾರವನ್ನು ಅವಳು ರದ್ದಾಗಿದ್ದ ಬಸ್ಸಿಗೆ ಕಾಯಿಸಿದಳು. ಅವರು ಮೂರು ಗಂಟೆ ನಿಂತು, ಕೊನೆಗೆ ಕೊಠಡಿಗೆ ಬಂದು ಬೈದರು. ಅಂದು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೂತುಬಿಟ್ಟಳು. "ಬೈದಿದ್ದಕ್ಕೆ ಬೇಜಾರಿಲ್ಲ ಕಣೋ. ನಾನು ಅಷ್ಟು ಧೈರ್ಯವಾಗಿ ಹೇಳಿದೆನಲ್ಲ, ಒಂಬತ್ತೂಕಾಲಿಗೆ ಬರುತ್ತೆ ಅಂತ" ಎಂದಳು. ಮೇಲಧಿಕಾರಿಯಿಂದ ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ಕೊಟ್ಟ ಅವಧಿಯಲ್ಲಿ ಈಗ ಉಳಿದಿರುವುದು ಆ ನಲವತ್ತು ದಿನ, ಅಷ್ಟರೊಳಗೆ ಸರಿಯಾಗದಿದ್ದರೆ ಆ ಕುರ್ಚಿ ಅವಳದಲ್ಲ.

ಅವಳು ದೂರು ಕೊಟ್ಟಿರಲಿಲ್ಲವೇ? ಮೊದಲ ದಿನವೇ ಕೊಟ್ಟಿದ್ದಳು. ನಿಮ್ಮ ಉತ್ತರವೂ ಬಂತು. "ಏನಂತ ಬಂತಕ್ಕಾ?" ಎಂದು ಕೇಳಿದೆ.

"ದೂರು ತಲುಪಿದೆ, ಕೆಳಗಿನ ವಿವರ ತುಂಬಿ ಅಂತ ಓದ್ತು. ಕೆಳಗೆ ಏನೂ ಇರ್ಲಿಲ್ಲ. ಮರೆತಿರ್ತಾರೆ, ಪಾಪ, ಮತ್ತೆ ಕಳಿಸ್ತಾರೆ ಅಂತ ಸುಮ್ನಾದೆ."

ಕೆಳಗೆ ಇತ್ತು ಮಾನ್ಯರೇ. ನಾನು ನೋಡಿದೆ. ಹದಿನಾಲ್ಕು ಪ್ರಶ್ನೆಗಳು, ಅಚ್ಚುಕಟ್ಟಾದ ಕೋಷ್ಟಕದಲ್ಲಿ.

ಕೋಷ್ಟಕ ಓದುವುದಿಲ್ಲ ಎಂಬ ದೂರಿಗೆ ಕೋಷ್ಟಕದಲ್ಲಿ ಉತ್ತರ ಕೇಳಿ, ಉತ್ತರ ಬಾರದಿದ್ದಕ್ಕೆ ತೃಪ್ತಿಯ ಷರಾ ಬರೆದಿದ್ದೀರಿ. ಇದನ್ನು ವಿಚಾರಿಸಲು ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕೌಂಟರಿನ ಗುಮಾಸ್ತರು ಸಜ್ಜನರು, ನನಗೆ ಕುರ್ಚಿ ಕೊಟ್ಟರು.

"ಅವರು ಉತ್ತರಾನೇ ಕೊಟ್ಟಿಲ್ವಲ್ಲ ಸರ್."

"ಓದೋಕೇ ಆಗ್ಲಿಲ್ಲ ಅವಳಿಗೆ."

"ಓದೋಕಾಗ್ಲಿಲ್ಲ ಅಂತಾದ್ರೂ ಉತ್ತರ ಕೊಡಬಹುದಿತ್ತು."

"ಹೋಗ್ಲಿ, ಈಗ ನಾನು ಹೇಳ್ತಿದ್ದೀನಲ್ಲ. ಮತ್ತೆ ತೆರೀರಿ."

"ತೃಪ್ತರಾದವರ ದೂರು ತೆರೆಯೋ ಹಾಗಿಲ್ಲ ಸರ್. ಹೊಸದಾಗಿ ಕೊಡಿ. ಮೊದಲ್ನೇ ಕಂಬದಿಂದ ಬರುತ್ತೆ." ಆಮೇಲೆ ದನಿ ತಗ್ಗಿಸಿ ಅವರೇ ಹೇಳಿದರು: "ನನ್ನ ವರ್ಗಾವಣೆ ಅರ್ಜೀನೂ ಹೀಗೇ ಮುಗಿದಿದೆ."

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಮೂವತ್ತು ದಿನದ ನಿಯಮದ ಕರಡನ್ನು ನೀವು ನಮ್ಮ ಹನ್ನೊಂದೂ ಜನರಿಗೆ ಕಳಿಸಿದ್ದಿರಿ. ಮುಳ್ಳಣ್ಣ ಒಬ್ಬರೇ ವಿರೋಧಿಸಿ ಬರೆದರು. ನಾನು ಉತ್ತರಪತ್ರಿಕೆ ತಿದ್ದುವುದರಲ್ಲಿ ಮುಳುಗಿದ್ದೆ, ಆಮೇಲೆ ನೋಡೋಣ ಎಂದು ಬಿಟ್ಟೆ. 'ಹತ್ತು ಸಮ್ಮತಿ, ಒಂದು ವಿರೋಧ' ಎಂದು ನೀವು ನಡಾವಳಿಯಲ್ಲಿ ಬರೆದಿರಿ. ಆ ಹತ್ತರಲ್ಲಿ ನಾನೂ ಒಬ್ಬ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಬೈಯಲಿಲ್ಲ. "ನೀನು ಓದಬಹುದಿತ್ತಲ್ಲೋ" ಎಂದಳು ಅಷ್ಟೇ. ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮುಳ್ಳಣ್ಣನ ಹದಿನೇಳು ಸಾಲನ್ನು ಸ್ವೀಕರಿಸಿ. ೧೧೮೭ನ್ನು ತೆರೆಯಿರಿ. ಮೂವತ್ತು ದಿನದ ನಿಯಮವನ್ನು ಕಿತ್ತುಹಾಕಿ, ಹಳೆಯ ನಿಯಮ ಮರಳಿ ತನ್ನಿ. ಹಲಗೆಯನ್ನು ಬೇಕಾದರೆ ಇಟ್ಟುಕೊಳ್ಳಿ, ಗೋಡೆಗೆ ಶೋಭೆಯಾಗಿದೆ.

ಆ ಹದಿನೇಳು ಸಾಲನ್ನು ನಾವೇ ಅಕ್ಕನ ಕಂಪ್ಯೂಟರಿಗೆ ಹಾಕಬಹುದಲ್ಲ ಎಂದು ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದುವವರು ಕೇಳಬಹುದು. ತಂತ್ರಾಂಶ ಮುಕ್ತವೇ, ಯಾರು ಬೇಕಾದರೂ ತಿದ್ದಬಹುದು. ಆದರೆ ನಿಲ್ದಾಣದ ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದಾರೆ: "ಸಮನ್ವಯ ಕಚೇರಿಯ ಒಪ್ಪಿಗೆ ಬರಲಿ, ಇವತ್ತೇ ಹಾಕಿಸ್ತೀನಿ." ಆ ಒಪ್ಪಿಗೆಯನ್ನು ಈ ಪತ್ರದ ಮೂಲಕ ಕೇಳುತ್ತಿದ್ದೇನೆ. ಇದು ಅಚ್ಚಾದ ಪತ್ರಿಕೆಯ ಒಂದು ಪ್ರತಿಯನ್ನು ಇವತ್ತೇ ನಿಮ್ಮ ಕಚೇರಿಗೆ ಕೊಟ್ಟು, ಗುಮಾಸ್ತರಿಂದ ದಿನಾಂಕದ ಮೊಹರು ಹಾಕಿಸಿಕೊಳ್ಳುತ್ತೇನೆ. ತಾವು ಎಂದಿನಂತೆ ಉತ್ತರಿಸದೆ ಇರಬೇಕೆಂದು ನನ್ನ ವಿನಮ್ರ ಪ್ರಾರ್ಥನೆ. ಮೂವತ್ತೊಂದನೆಯ ದಿನ ಬೆಳಿಗ್ಗೆ ಆ ಮೊಹರನ್ನೂ, ತಮ್ಮದೇ ಸಹಿಯಿರುವ ನಿಯಮದ ಪ್ರತಿಯನ್ನೂ ನಿಲ್ದಾಣದ ಮೇಲಧಿಕಾರಿಯ ಮೇಜಿನ ಮೇಲಿಟ್ಟು, ತಾವು ತೃಪ್ತರಾಗಿದ್ದೀರಿ, ಅಂದರೆ ಒಪ್ಪಿದ್ದೀರಿ ಎಂದು ತಿಳಿಸುತ್ತೇನೆ. ಮುಳ್ಳಣ್ಣ ಅಂಗಡಿಗೆ ಬೀಗ ಹಾಕಿ ಜೊತೆಗೆ ಬರುತ್ತಾರೆ. ಆಮೇಲೂ ಹತ್ತು ದಿನ ಉಳಿದಿರುತ್ತದೆ. ಹದಿನೇಳು ಸಾಲಿಗೆ ಅದು ಧಾರಾಳ.

ಮುಳ್ಳಣ್ಣ ಅಂಗಡಿಯಲ್ಲಿ ಈಗಲೂ ಇಟ್ಟುಕೊಂಡಿರುವ ನಮ್ಮ ಹಳೆಯ ಪಟ್ಟಿಯಲ್ಲಿ ಮಾತ್ರ ೧೧೮೭ ಅಂದೂ ತೆರೆದೇ ಇರುತ್ತದೆ. ಅಕ್ಕ ಫೋನ್ ಎತ್ತಿ, ಎಡಗಿವಿಯಲ್ಲಿ ಕೇಳಿಸಿಕೊಂಡು, ಯಾರಿಗಾದರೂ ಒಂದು ಬಸ್ಸಿನ ಹೊತ್ತು ಸರಿಯಾಗಿ ಹೇಳಬೇಕು. ಆಮೇಲೆ ನನ್ನ ಕಡೆ ತಿರುಗಿ ಅವಳೇ 'ಸರಿಹೋಯ್ತು ಕಣೋ' ಎನ್ನಬೇಕು.

ಇಂತಿ,
ತಮ್ಮ ನಡಾವಳಿಯ ಹತ್ತು ಸಮ್ಮತಿಗಳಲ್ಲಿ ಒಂದಾಗಿದ್ದು, ಈಗ ತಡವಾಗಿ ಬಾಯಿಬಿಟ್ಟಿರುವ
ಗಣಿತದ ಮೇಷ್ಟ್ರು