ಮೂರನೇ ಕಾಲಂನಲ್ಲಿ ಒಂದು ಕನ್ನಡಕ

ಗೃಹವೆಚ್ಚ ಜಾಗೃತಿ ವಿಭಾಗದ ಮಾನ್ಯ ನಿರ್ದೇಶಕರೇ,

ಹೋದ ವಾರ ನಿಮ್ಮ ಕಚೇರಿಯಿಂದ ಬಂದ ಪತ್ರ ಕೈಸೇರಿದೆ. ‘ಧೈರ್ಯವಾಗಿ ಖರ್ಚು ಮಾಡಿ, ನಿಮ್ಮ ಬೀದಿಯ ಅಂಗಡಿ ಉಳಿಸಿ’ ಎಂಬ ಹೊಸ ಅಭಿಯಾನಕ್ಕೆ ನಾನು ಮತ್ತೆ ಸಂಪನ್ಮೂಲ ವ್ಯಕ್ತಿಯಾಗಿ ಬರಬೇಕಂತೆ. ವಾಚನಾಲಯದ ಮಹಡಿಯಲ್ಲಿ ನಾಲ್ಕು ಶನಿವಾರ ಮಾತಾಡಬೇಕಂತೆ. ಸಂಭಾವನೆ ಇಲ್ಲವಂತೆ, ಪ್ರಮಾಣಪತ್ರ ಕೊಡುತ್ತೀರಂತೆ. ನಾನು ಬರುವುದಿಲ್ಲ. ಕಳೆದ ವರ್ಷ ಅದೇ ಮಹಡಿಯಲ್ಲಿ ನಿಂತು, ನಿಮ್ಮ ಮಾತು ಕೇಳಿ, ಖರ್ಚು ಮಾಡಬೇಡಿ ಎಂದು ಜನಕ್ಕೆ ಪಾಠ ಹೇಳಿದವಳು ನಾನೇ. ಅದರ ಫಲವಾಗಿ ನನ್ನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಹೆಂಗಸೊಬ್ಬರು ಇವತ್ತು ಮನೆಯಲ್ಲಿ ಕೈಕಟ್ಟಿ ಕೂತಿದ್ದಾರೆ. ಅವರನ್ನು ಕೆಲಸಕ್ಕೆ ವಾಪಸ್ ಕರೆತರಲು ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ನಿಮ್ಮ ಹೆಸರಿಗೇ ಬರೆದರೆ ಪತ್ರ ಯಾವ ಫೈಲಿನ ಹೊಟ್ಟೆ ಸೇರುತ್ತದೋ ಗೊತ್ತಿಲ್ಲ, ಆದ್ದರಿಂದ ಎಲ್ಲರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನದು ಬಟ್ಟೆ ರಿಪೇರಿ ಅಂಗಡಿ. ಹೊಸ ಬಟ್ಟೆ ಹೊಲಿಯುವುದು ಅಪರೂಪ. ಜಿಪ್ ಬದಲಿಸುವುದು, ದಪ್ಪಗಾದವರ ಪ್ಯಾಂಟಿನ ಸೊಂಟ ಬಿಡುವುದು, ಅಣ್ಣನ ಅಂಗಿಯನ್ನು ತಮ್ಮನ ಅಳತೆಗೆ ಇಳಿಸುವುದು, ಇಂಥದ್ದೇ ನನ್ನ ದಿನದ ಕೆಲಸ. ದುಂದುಗಾರರು ನನ್ನ ಹೊಸ್ತಿಲು ತುಳಿಯುವುದಿಲ್ಲ, ಅವರು ಹರಿದದ್ದನ್ನು ಎಸೆದು ಹೊಸದು ತರುತ್ತಾರೆ. ನನ್ನ ಅನ್ನ ಹುಟ್ಟುವುದೇ ಎಸೆಯಲು ಮನಸ್ಸು ಬಾರದವರಿಂದ. ಅಂದಮೇಲೆ ಮಿತವಾಗಿ ಖರ್ಚು ಮಾಡುವುದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಅಭಿವೃದ್ಧಿಯ ವಿರೋಧಿ, ಉಳಿತಾಯದ ವಿರೋಧಿ ಎಂದೆಲ್ಲ ಕರೆಯುವುದು ಬೇಡ.

ಆರ್ಥಿಕ ಹಿಂಜರಿತ ಬಂದಾಗ ನಾವೂ ಖರ್ಚು ಬಿಗಿ ಹಿಡಿದೆವು. ನನ್ನ ಗಂಡ ಸರಕು ಗಾಡಿಯ ಚಾಲಕರು. ವಾರಕ್ಕೆ ಆರು ದಿನ ಇದ್ದ ಅವರ ಓಡಾಟ ಮೂರಕ್ಕೆ ಇಳಿಯಿತು. ದಿನಪತ್ರಿಕೆಯನ್ನು ಮೇಲಿನ ಮನೆಯವರೊಂದಿಗೆ ಪಾಲು ಮಾಡಿಕೊಂಡೆವು. ಬೆಳಗಿನ ಪುರವಣಿ ಅವರಿಗೆ, ಪದಬಂಧ ನಮಗೆ. ಟೀಗೆ ಹಾಲು ಕಡಿಮೆಯಾಯಿತು. ಗಂಡ ಕನ್ನಡಿ ಮುಂದೆ ನಿಂತು ತಮ್ಮ ತಲೆಗೂದಲನ್ನು ತಾವೇ ಕತ್ತರಿಸಿಕೊಂಡರು. ಹಿಂಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂತು. ನಾನು ನಕ್ಕೆ, ಅವರೂ ನಕ್ಕರು. ಅವತ್ತು ನಮಗೆ ಹೊಳೆಯದೇ ಹೋದದ್ದು ಒಂದೇ. ಎದುರು ಸಲೂನಿನವರು ಆ ವಾರದಿಂದ ತಮ್ಮ ಪ್ಯಾಂಟು ನನ್ನ ಹತ್ತಿರ ತರುವುದು ಬಿಟ್ಟರು. ಸಿಟ್ಟಿನಿಂದಲ್ಲ. ಅವರಿಗೂ ಗಿರಾಕಿ ಕಡಿಮೆಯಾಗಿತ್ತು. ನಾವಿಬ್ಬರೂ ಮಧ್ಯಾಹ್ನದ ಹೊತ್ತು ಎದುರುಬದುರು ಬಾಗಿಲಲ್ಲಿ ನೊಣ ಹೊಡೆಯುತ್ತ ನಿಂತು, ಒಬ್ಬರ ಮುಖ ಒಬ್ಬರು ನೋಡಿ, ಬಿಸಿಲು ಜಾಸ್ತಿ ಎಂದು ಹೇಳಿಕೊಳ್ಳುತ್ತಿದ್ದೆವು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಹೊಣೆಯರಿತ ನಾಗರಿಕರಿಬ್ಬರು.

ಅಂಥ ಹೊತ್ತಿನಲ್ಲಿ ನೀವು ನನ್ನನ್ನು ಕರೆಸಿದಿರಿ. ‘ಹೊಣೆಯರಿತ ಖರ್ಚು’ ಎಂಬ ಕೈಪಿಡಿ ಕೈಗಿತ್ತು, ಎಂಟು ಶನಿವಾರ ಹೆಂಗಸರಿಗೆ ಮನೆಯಲ್ಲೇ ಬಟ್ಟೆ ರಿಪೇರಿ ಮಾಡಿಕೊಳ್ಳುವುದನ್ನು ಕಲಿಸಿ ಎಂದಿರಿ. ನನ್ನ ಹೊಟ್ಟೆಪಾಡನ್ನೇ ನನ್ನ ಗಿರಾಕಿಗಳಿಗೆ ಪುಕ್ಕಟೆಯಾಗಿ ಹಂಚಿ ಎನ್ನುವುದು ಅದರ ಅರ್ಥ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನಿಮಗೆ ಹೊಳೆಯಲಿಲ್ಲ, ಸರಿ. ನನಗೆ ಯಾಕೆ ಹೊಳೆಯಲಿಲ್ಲ? ಹೇಳಿಬಿಡುತ್ತೇನೆ. ‘ಸಂಪನ್ಮೂಲ ವ್ಯಕ್ತಿ’ ಎಂದು ಅಚ್ಚಾದ ಬ್ಯಾಡ್ಜು ಎದೆ ಮೇಲೆ ಬಿದ್ದದ್ದೇ ತಡ, ನಾನು ಉಬ್ಬಿಹೋದೆ. ಮೂವತ್ತು ವರ್ಷ ಬಗ್ಗಿಸಿದ ಕುತ್ತಿಗೆಯನ್ನು ಎತ್ತಿ ನಲವತ್ತು ಜನರ ಮುಂದೆ ಮಾತಾಡುವುದೆಂದರೆ ಸುಮ್ಮನೆ ಅಲ್ಲ.

ಗಂಡ ಎಚ್ಚರಿಸಿದ್ದರು. “ಕಲಿಸು, ಬೇಡ ಅನ್ನಲ್ಲ. ಗುಂಡಿ ಹಾಕೋದು, ಅಂಚು ಮಡಚೋದು ಹೇಳಿಕೊಡು. ಕಾಲರ್ ತಿರುಗಿಸೋದು ಮಾತ್ರ ಹೇಳ್ಬೇಡ. ಅದನ್ನೂ ಹೇಳಿಕೊಟ್ರೆ ನಿನ್ನ ಹತ್ರ ಇನ್ನೇನು ಉಳಿಯುತ್ತೆ?”

ಅಂಗಿಯ ಕಾಲರ್ ಸವೆದರೆ ಅದನ್ನು ಹುಷಾರಾಗಿ ಬಿಚ್ಚಿ, ಸವೆಯದ ಒಳಮೈಯನ್ನು ಹೊರಗೆ ಮಾಡಿ ಮತ್ತೆ ಕೂರಿಸುವುದು ನನ್ನ ಕೈಯ ಕೆಲಸ. ನಮ್ಮ ಅಂಗಡಿಗೆ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ಅದೇ. ಆರನೇ ಶನಿವಾರ, ಒಬ್ಬಾಕೆ “ಮೇಡಂ, ನೀವು ಹೇಳಿಕೊಟ್ರೆ ಎಂಥಾ ಕಷ್ಟದ್ದೂ ಸುಲಭ ಆಗುತ್ತೆ” ಎಂದದ್ದೇ ಸಾಕಾಯಿತು. ಕಾಲರ್ ತಿರುಗಿಸುವುದನ್ನು ಬಿಚ್ಚುವುದರಿಂದ ಇಸ್ತ್ರಿಯವರೆಗೆ ಒಂದೂ ಬಿಡದೆ ತೋರಿಸಿದೆ. ಚಪ್ಪಾಳೆ ಹೊಡೆದರು. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡದ್ದಕ್ಕೆ ಬಿದ್ದ ಚಪ್ಪಾಳೆ ಅದು.

ಪರಿಣಾಮಕ್ಕೆ ಒಂದು ಉದಾಹರಣೆ ಸಾಕು. ನಮ್ಮ ಬೀದಿಯ ಗಣಿತದ ಮೇಷ್ಟ್ರು ಹದಿನೈದು ವರ್ಷದ ಗಿರಾಕಿ. ಅವರ ಹೆಂಡತಿ ನನ್ನ ತರಗತಿಯಲ್ಲಿ ಮುಂದಿನ ಸಾಲು. ಈಗ ಮೇಷ್ಟ್ರ ಕಾಲರಿನ ಒಂದು ಕಿವಿ ಇನ್ನೊಂದಕ್ಕಿಂತ ಒಂದು ಬೆರಳು ಉದ್ದ. ಶಾಲೆಯಲ್ಲಿ ಮಕ್ಕಳು ಅದಕ್ಕೆ ಅಸಮಬಾಹು ತ್ರಿಭುಜ ಎಂದು ಹೆಸರಿಟ್ಟಿದ್ದಾರೆ. ಮೇಷ್ಟ್ರು ನನ್ನ ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ. ಒಂದು ದಿನ ಅಡ್ಡಗಟ್ಟಿ ಕೇಳಿದೆ. “ಏನು ಮಾಡ್ಲಿ ಮೇಡಂ, ನೀವೇ ಕಲಿಸಿದ್ದಲ್ವಾ” ಎಂದರು. “ನಮ್ಮನೆಯವಳು ಸರ್ಟಿಫಿಕೇಟನ್ನ ಗೋಡೆಗೆ ಬೇರೆ ಹಾಕಿದ್ದಾಳೆ. ಈಗ ನಿಮ್ಮ ಹತ್ರ ತಂದ್ರೆ ಅವಳಿಗೆ ಬೇಜಾರಾಗುತ್ತೆ.”

ಇಷ್ಟೇ ಆಗಿದ್ದರೆ ನನ್ನ ದಡ್ಡತನಕ್ಕೆ ನಾನು ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನನ್ನೊಂದಿಗೆ ಕಾಜಾ ಅಕ್ಕ ಇದ್ದರು, ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು ಎಂದೆನಲ್ಲ, ಅವರೇ. ಕಾಜಾ ಎಂದರೆ ಗುಂಡಿ ತೂರಿಸುವ ಸೀಳು. ಬಟ್ಟೆಯನ್ನು ಅಳತೆಗೆ ಸೀಳಿ, ಅದರ ಅಂಚಿನ ಸುತ್ತ ಕೈಯಲ್ಲೇ ದಾರ ಹೆಣೆಯುವುದು ಅವರ ಕೆಲಸ. ನನಗಿಂತ ಹನ್ನೊಂದು ವರ್ಷ ದೊಡ್ಡವರು, ತಂಗಿಯ ಮನೆಯಲ್ಲಿದ್ದಾರೆ, ಯಾರ ಹಂಗಿನಲ್ಲೂ ಇರಬಾರದೆಂಬ ಹಠದವರು. ಬೀದಿಯವರೆಲ್ಲ ಅವರನ್ನು ಕರೆಯುವುದೇ ಕಾಜಾ ಅಕ್ಕ ಎಂದು. ನೀವು ನನ್ನ ತರಗತಿಯ ಉದ್ಘಾಟನೆಗೆ ಬಂದ ದಿನ ನಿಮ್ಮ ಕೋಟಿನ ಗುಂಡಿಯೊಂದು ನೇತಾಡುತ್ತಿತ್ತು. ಫೋಟೋದವರು ಬರುವುದರೊಳಗೆ ಅದನ್ನು ಬಿಗಿ ಮಾಡಿಕೊಟ್ಟವರು ಅವರೇ. ನಿಮಗೆ ನೆನಪಿರಲಿಕ್ಕಿಲ್ಲ. ಆಗ ನೀವು ಶ್ರಮದ ಘನತೆಯ ಬಗ್ಗೆ ಮಾತಾಡುತ್ತಿದ್ದಿರಿ.

ನಿಮ್ಮ ಕೈಪಿಡಿಯ ಕೊನೆಗೆ ಒಂದು ನಮೂನೆ ಇತ್ತು. ಮನೆಯ ಖರ್ಚನ್ನೆಲ್ಲ ಮೂರು ಕಾಲಂಗಳಲ್ಲಿ ತುಂಬಬೇಕು: ಅಗತ್ಯ, ಆಸೆ, ಮುಂದೂಡಬಹುದಾದದ್ದು. ತುಂಬಿದವರಿಗೆ ಕಚೇರಿಯ ಸೀಲು. ಕೊನೆಯ ಶನಿವಾರ ಎಲ್ಲರೂ ತುಂಬುತ್ತಿದ್ದಾಗ ಕಾಜಾ ಅಕ್ಕ ತಮ್ಮ ಹಾಳೆಯನ್ನು ನನ್ನ ಮುಂದೆ ಇಟ್ಟು, “ಅಕ್ಷರ ಇರುವೆ ಹಾಗಿದೆ, ನೀನೇ ಓದಿ ಬರಿ” ಎಂದರು. ನಾನು ಓದಿದೆ, ಅವರು ಹೇಳಿದರು, ನಾನು ಬರೆದೆ. ಬಾಡಿಗೆಯ ಪಾಲು, ಮಾತ್ರೆ, ಚಪ್ಪಲಿ. ಆಮೇಲೆ, “ಕನ್ನಡಕ ಬದಲಾಯಿಸ್ಬೇಕು ಅಂತಿದ್ದೆ. ಅದನ್ನ ಎಲ್ಲಿ ಹಾಕ್ತೀಯ?” ಎಂದು ಕೇಳಿದರು. ನಾನು ಕೈಪಿಡಿಯ ಉದಾಹರಣೆಗಳ ಮೇಲೆ ಬೆರಳಾಡಿಸಿದೆ. ‘ಇರುವ ವಸ್ತು ಸ್ವಲ್ಪವಾದರೂ ಬಳಕೆಗೆ ಬರುವಂತಿದ್ದರೆ ಮುಂದೂಡಿ’ ಎಂದು ನೀವು ಬರೆದಿದ್ದಿರಿ. “ಇದ್ದದ್ದು ನಡೀತಿದೆಯಲ್ಲ ಅಕ್ಕಾ, ಮೂರನೇದರಲ್ಲಿ ಹಾಕೋಣ” ಎಂದೆ. ಹಾಕಿದೆ. ನಿಮ್ಮ ಗುಮಾಸ್ತರು ಪಕ್ಕದವರ ಜೊತೆ ಹರಟುತ್ತ, ಹಾಳೆ ಕಡೆ ನೋಡದೆ, ಸೀಲು ಹೊಡೆದರು.

ಕೈಪಿಡಿಯ ಅಕ್ಷರ ಕಾಣದವರ ಹಾಳೆಯಲ್ಲಿ ಕನ್ನಡಕ ಮುಂದೂಡಬಹುದು ಎಂದು ಬರೆದ ಕೈ ನನ್ನದು. ಆ ಹೊತ್ತಿನಲ್ಲಿ ನನಗೆ ಏನೂ ಅನಿಸಲಿಲ್ಲ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲಿನ ತಿಂಗಳುಗಳಲ್ಲಿ ಅವರು ಸೂಜಿಗೆ ದಾರ ಪೋಣಿಸಲು ನನಗೇ ಕೊಡುತ್ತಿದ್ದರು. “ನಿನ್ನ ಕೈಗುಣ ಚೆನ್ನಾಗಿದೆ, ದಾರ ತೊಡಕಾಗಲ್ಲ” ಎನ್ನುತ್ತಿದ್ದರು. ಸೋಮಾರಿತನ ಬಂದಿದೆ ಎಂದು ನಾನು ರೇಗಿಸುತ್ತಿದ್ದೆ. ಕೈಗುಣದ ಹೊಗಳಿಕೆಯನ್ನೂ ನಂಬಿದೆ, ಅದಕ್ಕೂ ಉಬ್ಬಿದೆ.

ಎರಡು ತಿಂಗಳ ಹಿಂದೆ, ಬಹಳ ದಿನಗಳ ಮೇಲೆ ಒಂದು ದೊಡ್ಡ ಕೆಲಸ ಬಂತು. ಮುಖ್ಯರಸ್ತೆಯ ಹೋಟೆಲಿನ ಮ್ಯಾನೇಜರು ತಮ್ಮ ಮಾಣಿಗಳಿಗೆ ಹತ್ತು ಕೋಟು ಹೊಲಿಸಲು ಕೊಟ್ಟರು. ತಿಳಿಬೂದು ಬಟ್ಟೆ. ಅದು ಕೈಗೂಡಿದ್ದರೆ ಮುಂದೆ ಅಡುಗೆಮನೆಯವರ ಬಟ್ಟೆಯೂ ನಮಗೇ ಬರುತ್ತಿತ್ತು. ನಾನು ಮೆಷಿನ್ನಿನ ಮೇಲೆ ತೋಳು ಕೂರಿಸುತ್ತಿದ್ದೆ, ಕಾಜಾ ಅಕ್ಕ ನನ್ನ ಬೆನ್ನ ಹಿಂದೆ ಕತ್ತರಿ ಹಿಡಿದಿದ್ದರು. ತಿಳಿಬೂದಿನ ಮೇಲೆ ಬಿಳಿ ಸೀಮೆಸುಣ್ಣದ ಗುರುತು ಅವರಿಗೆ ಕಾಣಲಿಲ್ಲ. ಕಾಣಲಿಲ್ಲ ಎಂದು ಹೇಳಲೂ ಇಲ್ಲ. ಬೆರಳಳತೆಯಲ್ಲಿ ಅಂದಾಜು ಮಾಡಿ ಸೀಳಿದರು. ನಾನು ತಿರುಗಿ ನೋಡುವಷ್ಟರಲ್ಲಿ ನಾಲ್ಕು ಕೋಟುಗಳ ಎದೆಯಲ್ಲಿ ಹದಿನಾರು ಸೀಳು, ಒಂದೂ ಗೆರೆಯ ಮೇಲಿರಲಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಸೀಳನ್ನು ಬಿಚ್ಚಲು ಬರುವುದಿಲ್ಲ. ಬಟ್ಟೆಯ ಬೆಲೆ ನಾವು ಕೊಟ್ಟೆವು, ಹೋಟೆಲಿನವರು ಉಳಿದ ಬಟ್ಟೆ ವಾಪಸ್ ಒಯ್ದರು.

ನಾನು ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತೇನೋ. ಕಾಜಾ ಅಕ್ಕ ಕತ್ತರಿಯನ್ನು ಒರೆಸಿ, ನನ್ನ ಮೇಜಿನ ಮೇಲೆ ಇಟ್ಟು, “ನಾಳೆಯಿಂದ ಬರಲ್ಲ, ಬೇರೆಯವರನ್ನ ನೋಡ್ಕೊ” ಎಂದು ಹೊರಟರು. ಮೂರು ದಿನ ಬಿಟ್ಟು ಅವರ ತಂಗಿಯ ಮನೆಗೆ ಹೋದೆ.

“ಅಕ್ಕಾ, ಕನ್ನಡಕದ ಅಂಗಡಿಗೆ ಹೋಗೋಣ, ಎದ್ದೇಳಿ. ದುಡ್ಡು ನಾನು ತಂದಿದ್ದೀನಿ.”

“ನೀನ್ಯಾಕೆ ತಂದೆ?”

“ಕೆಲಸಕ್ಕೆ ಬೇಕಲ್ವಾ.”

“ಬೇಕು ಅಂತಾಗಿದ್ರೆ ಅವತ್ತೇ ಮೊದಲ್ನೇ ಕಾಲಂನಲ್ಲಿ ಬರೀತಿದ್ದೆ ನೀನು.”

“ನಾನು ಬರೆದದ್ದು ತಪ್ಪಾಯ್ತು ಅಕ್ಕಾ” ಎಂದೆ.

ಅವರು ಒಳಗಿನಿಂದ ಆ ಹಾಳೆ ತಂದರು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟಿದ್ದರು. “ನೀನು ತಪ್ಪಿರಬಹುದು. ಆಫೀಸಿನವರು ನೋಡಿ ಸೀಲು ಹೊಡೆದಿಲ್ವಾ? ಅಷ್ಟು ಓದಿದವರು ತಪ್ತಾರಾ? ನಾಲ್ಕು ಕೋಟು ಹಾಳಾಯ್ತು ಅಂತ ಈಗ ನಿನಗೆ ನನ್ನ ಮೇಲೆ ಕನಿಕರ ಬಂದಿದೆ. ಕನಿಕರಕ್ಕೆ ಕೊಡಿಸೋ ಕನ್ನಡಕ ನನಗೆ ಬೇಡಮ್ಮ.”

ಆಮೇಲೆ ಮೂರು ಸಲ ಹೋದೆ. ಟೀ ಕೊಡುತ್ತಾರೆ, ಗಂಡನ ಕ್ಷೇಮ ಕೇಳುತ್ತಾರೆ. ಕನ್ನಡಕದ ಮಾತೆತ್ತಿದರೆ ಹಾಳೆ ತೋರಿಸುತ್ತಾರೆ. ಆ ಸೀಲನ್ನು ಅವರು ಪೂರ್ತಿ ನಂಬಿದ್ದಾರೆಂದು ನಾನು ಹೇಳಲಾರೆ. ನನ್ನ ದುಡ್ಡನ್ನು ಬೇಡ ಎನ್ನಲು ಅದೊಂದು ನೆಪವೂ ಇರಬಹುದು. ಆದರೆ ನೆಪವನ್ನು ಒದಗಿಸಿದವರು ನೀವು, ಅದನ್ನು ಕಿತ್ತುಕೊಳ್ಳಬಲ್ಲವರೂ ನೀವೇ.

ನಿರ್ದೇಶಕರೇ, ಒಂದು ಮಾತು ಕೇಳುತ್ತೇನೆ. ಹೋದ ವರ್ಷ ಖರ್ಚು ಮಾಡಬೇಡಿ, ಈ ವರ್ಷ ಖರ್ಚು ಮಾಡಿ ಎಂದು ಹೇಳುವ ನಿಮ್ಮ ವಿಭಾಗ ಯಾವ ಕಾಲಂಗೆ ಸೇರುತ್ತದೆ? ಅಗತ್ಯವೋ, ಆಸೆಯೋ, ಮುಂದೂಡಬಹುದಾದದ್ದೋ? ಹಿಂಜರಿತ ನಮ್ಮ ಕೈಯಿಂದ ಬಂದದ್ದಲ್ಲ. ಹಾಲು ಕಡಿಮೆ ಮಾಡುವುದು, ಹಳೆಯದನ್ನು ಹೊಲಿಸಿಕೊಳ್ಳುವುದು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಲಿಯಬೇಕಾಗಿದ್ದದ್ದು ಬೇರೆ. ಕೆಲವು ಖರ್ಚುಗಳನ್ನು ತಪ್ಪಿಸಿದರೆ ದುಡ್ಡು ಉಳಿಯುವುದಿಲ್ಲ, ದುಡಿಯುವ ಕೈಯೇ ಹೋಗುತ್ತದೆ. ನಿಮ್ಮ ಕೈಪಿಡಿಯ ಅರವತ್ತು ಪುಟಗಳಲ್ಲಿ ಇದಕ್ಕೆ ಅರ್ಧ ಸಾಲಿನ ಜಾಗ ಸಿಗಲಿಲ್ಲ. ಹಾಗೆಯೇ, ನಾನು ಸಲೂನಿಗೆ ಕೊಡುವ ಚಿಲ್ಲರೆ ತಿರುಗಿ ನನ್ನ ಬಳಿಗೇ ಬರುತ್ತಿತ್ತು ಎನ್ನುವುದೂ ನಿಮ್ಮ ಉದಾಹರಣೆಗಳಲ್ಲಿ ಇರಲಿಲ್ಲ. ನನ್ನ ಗಂಡ ಈಗ ಮತ್ತೆ ಅಲ್ಲಿಗೆ ಹೋಗುತ್ತಿದ್ದಾರೆ. ಯಾವ ಅಭಿಯಾನದ ಕರೆಗೂ ಅಲ್ಲ, ಆ ಮನುಷ್ಯನ ಮುಖ ನೋಡಲಾರದೆ.

ನನ್ನ ಬೇಡಿಕೆ ಚಿಕ್ಕದು. ಸಂಭಾವನೆ ಕೇಳುತ್ತಿಲ್ಲ, ಕೋಟುಗಳ ನಷ್ಟ ಕೇಳುತ್ತಿಲ್ಲ. ಕನ್ನಡಕದ ಹಣವೂ ನಿಮ್ಮದು ಬೇಡ. ನಿಮ್ಮ ಕಚೇರಿಯ ಹಾಳೆಯಲ್ಲಿ, ನಿಮ್ಮ ಸಹಿ ಮತ್ತು ಸೀಲಿನೊಂದಿಗೆ, ಕಾಜಾ ಹಾಕುವವರಿಗೆ ಕನ್ನಡಕ ಅಗತ್ಯ, ಹಿಂದಿನ ನಮೂದು ತಪ್ಪು ಎಂದು ಎರಡು ಸಾಲು ಬರೆದು ಕಳಿಸಿ. ದಪ್ಪ ಅಕ್ಷರದಲ್ಲಿ ಬರೆಸಿ, ಓದಿ ಹೇಳಲು ನನ್ನನ್ನು ಕರೆಯುವಂತಾಗಬಾರದು. ಬರುವ ಶನಿವಾರದವರೆಗೆ ಕಾಯುತ್ತೇನೆ. ಬಾರದಿದ್ದರೆ ಸೋಮವಾರ ಬೆಳಿಗ್ಗೆ ಅವರ ಕೈಹಿಡಿದು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿಸಿ, ನಿಮ್ಮ ಎದುರಿಗೆ ಕೂರಿಸುತ್ತೇನೆ. ನಿಮ್ಮ ಕಣ್ಣು ಮುಂದೂಡಬಹುದು ಎಂದು ನೀವೇ ಅವರಿಗೆ ಹೇಳಿ. ನಾನು ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ನನ್ನ ಬಾಯಿಂದ ಬರುವುದಿಲ್ಲ.

ಇಂತಿ,
ನಿಮ್ಮಿಂದಲೇ ಪ್ರಮಾಣಪತ್ರ ಪಡೆದ,
ಗುಂಡಿ ಇದ್ದೂ ಕಾಜಾ ಇಲ್ಲದ ಅಂಗಡಿಯ
ರಿಪೇರಿ ದರ್ಜಿ