ಖಾಲಿ ಉಳಿದ ಮುಂದಿನ ಸೀಟು

ಬಿಲ್ಮಾ,
ಜನವರಿ ೧೭

ಅಗಾದೆಸ್‌ನ ನಮ್ಮ ಅಂಗಳದಲ್ಲಿ ಚಾಪೆ ಹಾಸಿ ಕೂತ ಮಹಾಜನರೇ, ಗೋಡೆಯಾಚೆ ಕಿವಿಯಿಟ್ಟ ನೆರೆಹೊರೆಯವರೇ, ಗದ್ದಲ ನಿಲ್ಲಲಿ! ಈ ಕಾಗದ ಓದುತ್ತಿರುವ ಕಂಠ ನನ್ನ ಹೆಂಡತಿ ಲಾರೈಯದು. ಉರಿಯುತ್ತಿರುವ ಹೊಟ್ಟೆ ಇದನ್ನು ಬರೆದ ನಾಟಕದ ವೇಷಗಾರ ಟಂಕೊನದು.

ಪ್ರೀತಿಯ ಲಾರೈ,

ನಾನು ಕ್ಷೇಮ. ಅವ್ವ ಬದುಕಿದ್ದಾಳೆ, ಕ್ಷೇಮ ಎನ್ನಲು ನಾಲಿಗೆ ಏಳುತ್ತಿಲ್ಲ. ತಲುಪಿದ ದಿನವೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ, ತಡವಾಯಿತು, ಮನ್ನಿಸು. ಸಿಟ್ಟಿನಲ್ಲಿ ಬರೆದು ಬರೆದು ಇದ್ದಬದ್ದ ಹಾಳೆಗಳನ್ನೆಲ್ಲ ಹರಿದೆಸೆದೆ, ಉಳಿದದ್ದು ಇದಿಷ್ಟೇ.

ತನ್ನ ಮಗಳ ಮದುವೆಗೆಂದು ಅಣ್ಣ ಶೈಬು ಅವ್ವನನ್ನು ಇಲ್ಲಿ ಬಿಲ್ಮಾಗೆ ಕರೆಸಿಕೊಂಡದ್ದು, ಮರಳುಗಾಡು ದಾಟಲು ಡ್ರೈವರ್ ಕಚಲ್ಲಾನ ಲಾರಿಯಲ್ಲಿ ಅವಳಿಗೆ ಅವನ ಪಕ್ಕದ ಸೀಟನ್ನೇ ಹಿಡಿಸಿದ್ದು ನಿನಗೆ ಗೊತ್ತು. ನೀನು ನಮ್ಮನ್ನು ಬಿಟ್ಟು ಮನೆಗೆ ತಿರುಗಿದ ಮೇಲೆ ನಡೆದದ್ದನ್ನು ಕೇಳು. ಅವ್ವ ಮೆಟ್ಟಿಲ ಮೇಲೆ ಕಾಲಿಟ್ಟಳು. ಕಚಲ್ಲಾ ಬಾಗಿಲಿಗೆ ಕೈ ಅಡ್ಡ ಹಿಡಿದ.

"ಈ ಸೀಟು ಹಿಡಿಸಿರೋ ಮಗನ ಹೆಸರು ಹೇಳವ್ವ, ಆಮೇಲೆ ಹತ್ತು."

ಕೇಳಿದಿರಾ ಸಭಿಕರೇ? ಚೊಚ್ಚಲ ಮಗನನ್ನು ನಮ್ಮಲ್ಲಿ ಯಾವ ತಾಯಿ ಹೆಸರು ಹಿಡಿದು ಕರೆದಿದ್ದಾಳೆ? ಹುಟ್ಟಿದಂದಿನಿಂದ ಅವ್ವನಿಗೆ ಅವನು 'ಏ, ಇವನೇ'. ತಪ್ಪಿದರೆ 'ಆ ಹುಡುಗ'. ಆ ಹುಡುಗನಿಗೆ ಈಗ ಮಗಳ ಮದುವೆ. ಕಚಲ್ಲಾ ಏನು ಸಮುದ್ರದಾಚೆಯಿಂದ ಬಂದವನೇ? ಅವನ ತಾಯಿಯೂ ಹೀಗೆಯೇ ನಾಚಿದವಳು. ಗೊತ್ತಿದ್ದೂ ಕೇಳಿದ ಪಾಪಿ. ನಾನು ನಡುವೆ ನುಗ್ಗಿ 'ಶೈಬು, ಶೈಬು' ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದೆ.

"ನಿನ್ನ ಕೇಳಿಲ್ಲಪ್ಪ," ಅಂದ. "ತಾಯಿ ಬಾಯಿಂದ ಬರಬೇಕು."

ಅವ್ವ ಮುಸುಕು ಮುಂದಕ್ಕೆಳೆದುಕೊಂಡು ಲಾರಿಯ ಹಿಂದಕ್ಕೆ ನಡೆದಳು. ಎಪ್ಪತ್ತು ದಾಟಿದ ಜೀವವನ್ನು ಸಜ್ಜೆ ಮೂಟೆಗಳ ಮೇಲಕ್ಕೆ, ಮಾಳಿಗೆಯೆತ್ತರಕ್ಕೆ ಏರಿಸಿದೆವು. ಅಲ್ಲಿ ಈರುಳ್ಳಿ ವ್ಯಾಪಾರದ ದೆಲು ಎಂಬ ಗಟ್ಟಿಗಿತ್ತಿ, ಕೆಳಗಿನ ಮೆತ್ತನೆ ಸೀಟು ರಾಣಿಯವರಿಗೆ ಚುಚ್ಚಿತೇನೋ ಎಂದು ಕುಟುಕಿದಳು. ಗಾಳಿ ಬೀಸತೊಡಗಿದಾಗ ತನ್ನ ಕಂಬಳಿಯನ್ನು ಬಿಚ್ಚಿ ಅವ್ವನಿಗೆ ಹೊದಿಸಿದವಳೂ ಅವಳೇ. ಜನವರಿಯ ಆ ಗಾಳಿ ನಿಮಗೆ ಗೊತ್ತಲ್ಲ, ಎಲುಬನ್ನು ಹುಡುಕಿಕೊಂಡು ಬರುತ್ತದೆ.

ಕೆಳಗೆ ಆ ಸೀಟಿನ ಮೇಲೆ ಯಾರು ಕೂತಿದ್ದರು ಗೊತ್ತೇ? ಯಾರೂ ಇಲ್ಲ. ಕಚಲ್ಲಾನ ಚಹಾ ಕೆಟಲು! ಕೆಟಲು ಮೆತ್ತೆಯ ಮೇಲೆ, ನನ್ನ ಹೆತ್ತವಳು ಮೂಟೆಯ ಮೇಲೆ. ತಂಗಿದಲ್ಲೆಲ್ಲ ಅವನು ಚಹಾ ಹಿಡಿದು ಬಂದು, ಈಗಲಾದರೂ ಹೇಳವ್ವ ಎನ್ನುತ್ತಿದ್ದ. ಅವ್ವ ಲೋಟವನ್ನೂ ಮುಟ್ಟಲಿಲ್ಲ. ನಾನು ದುಷ್ಟ ರಾಜನ ಪಾತ್ರದ ಬೈಗುಳವನ್ನೆಲ್ಲ ಅವನ ಮೇಲೆ ಸುರಿದೆ. ಅವನು ತಲೆ ತಗ್ಗಿಸಿ ಹೋಗುತ್ತಿದ್ದ.

ಮೆತ್ತನೆ ಮರಳಿನಲ್ಲಿ ಚಕ್ರ ಹೂತಾಗ ಎಲ್ಲರೂ ಇಳಿದು, ತಗಡು ಹಾಸಿ ನೂಕಿದೆವು. ಅವ್ವನನ್ನು ಇಳಿಸಲಾಗಲಿಲ್ಲ. ಒಮ್ಮೆ ಬಿಡಿಸಿಕೊಂಡ ಲಾರಿ ಗಟ್ಟಿ ನೆಲ ಸಿಗುವವರೆಗೆ ನಿಲ್ಲುವಂತಿಲ್ಲ. ನಾವು ಹಿಂದೆ ಓಡುತ್ತಿದ್ದೇವೆ, ಮೂಟೆಗಳ ನೆತ್ತಿಯ ಮೇಲೆ ಹಗ್ಗ ಹಿಡಿದ ಅವ್ವ ಒಬ್ಬಳೇ ದೂರ ದೂರ ಸಾಗುತ್ತಿದ್ದಾಳೆ. ಲಾರಿ ಒಂದು ದಿಣ್ಣೆ ಹಾರಿತು. ಅವಳು ಮೂಟೆಗಳ ಸಂದಿಗೆ ಬಿದ್ದಳು. ಸೊಂಟ ಹೋಯಿತು.

ಬಿಲ್ಮಾದಲ್ಲಿ ಅವಳನ್ನು ಕಂಬಳಿಯಲ್ಲಿ ಕಟ್ಟಿ ಇಳಿಸಿದೆವು. ಅಣ್ಣ ಎದುರು ಬಂದು, ನೋಡಿ, ತಟ್ಟನೆ ತಿರುಗಿ ಒಳಗೆ ಹೋದ. ಸಂಕಟವಿರಬೇಕು ಎಂದುಕೊಂಡೆ. ಅವ್ವನಿಗೆ ಮೊಮ್ಮಗಳ ಮದುವೆಯಲ್ಲಿ ಎದ್ದು ನಿಲ್ಲಲೂ ಆಗದು. ಆ ಕಚಲ್ಲಾನನ್ನು ಹಿರಿಯರ ಮುಂದೆ ನಿಲ್ಲಿಸದೆ ಬಿಡುವವನಲ್ಲ ನಾನು.

ಮಕ್ಕಳಿಗೆ ನನ್ನ ಮುತ್ತು. ಅಂಗಳದ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಹರಕೆ. ದೇವರು ನಿಮ್ಮೆಲ್ಲರ ನೀರು ತಂಪಾಗಿಡಲಿ.

ನಿನ್ನ
ಟಂಕೊ

ತಾಜಾಕಲಂ: ಲಾರೈ, ಇದನ್ನು ಒಳಗೆ ಹೋಗಿ ಒಬ್ಬಳೇ ಓದು. ಮೇಲಿನದು ಬೆಳಗ್ಗೆ ಬರೆದದ್ದು; ಬೇರೆ ಬರೆಯಲು ಹಾಳೆ ಉಳಿದಿಲ್ಲ.

ಕಚಲ್ಲಾನಲ್ಲಿ ತಪ್ಪಿಲ್ಲ. ಹೆಸರು ಹೇಳಿದರಷ್ಟೇ ಸೀಟು ಕೊಡಬೇಕು, ಯಾರ ಮುಂದೆಯೂ ಬಾಯಿಬಿಡಬಾರದು ಎಂದು ಅವನಿಂದ ಆಣೆ ಹಾಕಿಸಿದ್ದವನು ಅಣ್ಣ. ಹಿರಿಯರನ್ನು ಕರೆಸುತ್ತೇನೆಂದು ನಾನು ಹೊರಟಾಗ ತಾನೇ ಅಡ್ಡ ಬಂದು ಒಪ್ಪಿಕೊಂಡ.

"ಅವ್ವ ನಿನ್ನನ್ನ ದಿನಕ್ಕೆ ನೂರು ಸಲ ಹೆಸರು ಹಿಡಿದು ಕೂಗ್ತಿದ್ಲು. ಟಂಕೊ ನೀರು ತಾ, ಟಂಕೊ ಬಾಗಿಲು ಹಾಕು, ಟಂಕೊ ಹಾಳಾಗಿ ಹೋಗು. ನನಗೆ ಗಡ್ಡ ಬೆಳ್ಳಗಾಯ್ತು ಕಣೋ. ಒಬ್ಬ ಲಾರಿಯವನ ಮುಂದೆ ಒಂದೇ ಒಂದು ಸಲ ಅಂದ್ರೂ ಸಾಕಿತ್ತು, ಅವನ ಬಾಯಿಂದ ಕೇಳ್ಕೋತಿದ್ದೆ. ಮೊದಲು ತಂಗೋ ಕಡೆನೇ ಸುಸ್ತಾಗಿ ಹೇಳಿಬಿಡ್ತಾಳೆ ಅಂದ್ಕೊಂಡಿದ್ದೆ."

ಅವನ ಕೆನ್ನೆಗೆ ಬಾರಿಸಲು ಎತ್ತಿದ ಕೈ ಅಲ್ಲೇ ನಿಂತಿತು. ನೆಟ್ಟಗೆ ಅವ್ವನ ಬಳಿಗೆ ಹೋಗಿ ಅವಳ ಮೇಲೆಯೇ ರೇಗಿದೆ. ಒಂದು ಹೆಸರು ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು ಎಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

"ಯಾರ ಕಣ್ಣೂ ತಾಗದಿರ್ಲಿ ಅಂತ ಇಷ್ಟು ವರ್ಷ ಬಾಯೊಳಗೇ ಬಚ್ಚಿಟ್ಟು ಸಾಕಿದ ಹೆಸರು. ಒಂದು ಸೀಟಿಗೋಸ್ಕರ ಉಗುಳಿಬಿಡ್ಲಾ?" ಎಂದಳು. ಆಮೇಲೆ ನನ್ನ ಕೈ ಹಿಡಿದೆಳೆದು, "ನಾನು ಹೀಗಂದೆ ಅಂತ ಅವನಿಗೆ ಹೇಳಿದ್ರೆ ನಿನಗೆ ಶಾಪ ಹಾಕ್ತೀನಿ ನೋಡು," ಎಂದಳು.

ನಾಳೆ ಮುಂಜಾನೆ, ಮದುವೆಯ ಡೋಲು ಶುರುವಾಗುವ ಮೊದಲು, ಅಣ್ಣನನ್ನು ಎಳೆತಂದು ಅವ್ವನ ಹಾಸಿಗೆಯ ಎದುರು ಕೂರಿಸುತ್ತೇನೆ. ಅವಳು ಆಡಿದ್ದನ್ನು ಒಂದಕ್ಷರ ಬಿಡದೆ ಅವಳದೇ ದನಿಯಲ್ಲಿ ಹೇಳುತ್ತೇನೆ. ಶಾಪ ಹಾಕಿದರೆ ಹಾಕಲಿ. ನನಗಾದರೆ ಹೆಸರು ಹಿಡಿದೇ ಹಾಕುತ್ತಾಳೆ.