ಒಂಟಿ ಚಪ್ಪಲಿ ದೊರೆ

ಅಕ್ಕಾ,

ನಿಮ್ಮ ಆಸ್ಪತ್ರೆಯಲ್ಲಿ ನನಗೆಂದು ಹಿಡಿದಿಟ್ಟ ಹಾಸಿಗೆಯನ್ನು ಬೇರೆಯವರಿಗೆ ಕೊಡಿಸಿಬಿಡು. ಬೆನ್ನಲ್ಲಿ ಜಾರಿದ ಡಿಸ್ಕು ಮಾತ್ರೆ, ಬೆಲ್ಟು, ವ್ಯಾಯಾಮಕ್ಕೆಲ್ಲ ಜಗ್ಗಲ್ಲ, ಆಪರೇಷನ್ನೇ ಗತಿ ಅಂದಿದ್ದರಲ್ಲ ನಿಮ್ಮ ಡಾಕ್ಟರು? ಮೂಳೆ ಕೂರಿಸುವ ಅಜ್ಜ ಬೆನ್ನ ಮೇಲೆ ನಿಂತು ಒಮ್ಮೆ ತುಳಿದ ನೋಡು, ನೋವು ಹೇಳಹೆಸರಿಲ್ಲದಂತಾಯ್ತು!

ಮತ್ತೆ ಹೊಲಿಗೆ ಮಿಷನ್ನಿಗೆ ಕೂತಿದ್ದೇನೆ. ಕಾಲು ಪೆಡಲ್ ಮೇಲಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿಕೊಳ್ಳಬೇಕು, ಅಷ್ಟೇ. ಬಲಗಾಲಿನ ಚಪ್ಪಲಿ ದಾರಿಯಲ್ಲೇ ಉಳಿದರೂ ಗೊತ್ತಾಗಲ್ಲ. ನನ್ನವಳು ‘ಒಂಟಿ ಚಪ್ಪಲಿ ದೊರೆ’ ಅಂತ ನಗ್ತಾಳೆ.

ನಿನ್ನೆ ಅಂಗಡಿಯಲ್ಲಿ ಸುಟ್ಟ ವಾಸನೆ ಬಂತು. ಯಾರ ಬಟ್ಟೆ ಸೀದುಹೋಯ್ತೋ ಅಂತ ಮೇಜೆಲ್ಲ ಹುಡುಕಿದೆ. ಇಸ್ತ್ರಿಪೆಟ್ಟಿಗೆಯಿಂದ ಉದುರಿದ ಕೆಂಡ ನನ್ನ ಕಾಲ್ಬೆರಳ ಸಂದಿಯಲ್ಲಿ ಕೂತಿತ್ತು.

ಸುಟ್ಟ ಗಾಯದ ಮುಲಾಮು ಇದ್ದರೆ ಕಳಿಸು. ಅವಸರವೇನಿಲ್ಲ, ಉರಿ ಒಂಚೂರೂ ಇಲ್ಲ.

ನಿನ್ನ ತಮ್ಮ